ದಂಡಿನ ಊರಿನ ಗಾಳಿಯನ್ನು ಅಳೆಯುವವರು

ನಾಗಪುರವೆಂದೊಡನೆ ಊರಿನಲ್ಲಿರುವ ನಮ್ಮ ಬಂಧುಗಳಿಗೆ ನೆನಪಾಗುವುದು ಎರಡೇ ಸಂಗತಿ: ಕಿತ್ತಳೆಹಣ್ಣು, ಬೇಸಗೆಯ ಬಿಸಿಲು. ಇಲ್ಲಿಗೆ ಬಂದು ನೆಲಸಿದವರಿಗೆ ಮಾತ್ರ ಗೊತ್ತಿರುವ ಮೂರನೆಯದೊಂದುಂಟು. ಇದು ದಂಡಿನ ಊರು. ಉತ್ತರಕ್ಕೆ ಹೋದರೆ 1821ರಲ್ಲಿ ಸ್ಥಾಪಿತವಾದ ಕಾಮಠಿಯ ದಂಡು ಪ್ರದೇಶ. ಪಶ್ಚಿಮಕ್ಕೆ ವಾಯುಸೇನೆಯ ನಿರ್ವಹಣಾ ಕಮಾಂಡಿನ ಕೇಂದ್ರಾಲಯವಿರುವ ವಾಯುಸೇನಾನಗರ. ಅಂಬಾಝರಿಯಲ್ಲಿ ಆರ್ಡನೆನ್ಸ್ ಕಾರ್ಖಾನೆ. ರೈಲಿನಲ್ಲಿ ವರ್ಧಾ ದಾಟಿದರೆ ಪುಲಗಾಂವದಲ್ಲಿ ಸೇನೆಯ ಮದ್ದುಗುಂಡಿನ ಮಹಾ ಉಗ್ರಾಣ. ಸಮವಸ್ತ್ರ ತೊಟ್ಟೋ ತೊಡದೆಯೋ ಈ ಆವರಣಗಳಲ್ಲಿ ದುಡಿಯುವವರು, ಅಲ್ಲಿಯ ಕ್ವಾರ್ಟರ್ಸುಗಳಲ್ಲಿ ಮಕ್ಕಳನ್ನು ಬೆಳೆಸುವವರು ನಮ್ಮವರಲ್ಲಿಯೂ ಇದ್ದಾರೆ.

ಆ ಗೋಡೆಗಳ ಒಳಗಿನ ರಸ್ತೆಗಳು ಎಷ್ಟು ಚೊಕ್ಕಟ! ಸುಣ್ಣ ಬಳಿದ ಕಲ್ಲುಗಳು, ಸಾಲು ಬೇವಿನ ಮರಗಳು. ಹೊರಗಿನ ಪೇಟೆಯಿಂದ ಒಳಹೊಕ್ಕವರಿಗೆ ಗಾಳಿಯೇ ಬೇರೆ ಎನಿಸುವುದುಂಟು. ಆದರೆ ಕಣ್ಣಿಗೆ ಚೊಕ್ಕಟವಾಗಿರುವುದು ಶ್ವಾಸಕೋಶಕ್ಕೂ ಚೊಕ್ಕಟವೇ? ಅದನ್ನು ಅಳೆದು ಹೇಳುವವರು ಯಾರು? ಅಳೆಯುವವರನ್ನು ಗೊತ್ತುಮಾಡುವವರು ಯಾರು, ಹೇಗೆ? ಈ ಕೊನೆಯ ಪ್ರಶ್ನೆ ಆಫೀಸಿನ ಫೈಲಿಗೆ ಸೇರಿದ ಒಣ ವಿಷಯವೆಂದು ತೋರಬಹುದು. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಅದರ ಮೇಲೆಯೇ.

ದಂಡಿನ ನೆಲೆಯೆಂದರೆ ಒಂದು ಸಣ್ಣ ಪಟ್ಟಣ. ವಿದ್ಯುತ್ತು ಹೋದರೆ ಒಡನೆಯೇ ಗುಡುಗುಡಿಸುವ ಡೀಸೆಲ್ ಜನರೇಟರುಗಳು, ಅಡಿಗೆಮನೆ ಆಸ್ಪತ್ರೆಗಳ ಬಾಯ್ಲರುಗಳು, ಲಾರಿಗಳ ಸಾಲು, ಬಣ್ಣ ಬಳಿಯುವ ಶೆಡ್ಡುಗಳು, ಇಂಧನದ ಟ್ಯಾಂಕುಗಳು ಎಲ್ಲ ಅಲ್ಲುಂಟು. ದುರಸ್ತಿಯ ಡಿಪೋಗಳಲ್ಲಿ ಎಂಜಿನ್ನನ್ನು ಕಟ್ಟಿ ಓಡಿಸಿ ನೋಡುವ ಕಟ್ಟೆಗಳಿರುತ್ತವೆ. ಭಾಗಗಳನ್ನು ತೊಳೆಯುವ ದ್ರಾವಕಗಳ ಆವಿ ಮೂಗಿಗೆ ಸಿಹಿಯಾಗಿ ಬರುತ್ತದೆ, ಒಳ್ಳೆಯದು ಮಾತ್ರ ಅಲ್ಲ. ಅವಧಿ ತೀರಿದ ಮದ್ದುಗುಂಡನ್ನು ಬಯಲಿನಲ್ಲಿ ಸ್ಫೋಟಿಸುವುದೂ ಸುಡುವುದೂ ಉಂಟು. ಇಷ್ಟು ಸಾಲದೆಂಬಂತೆ ಒಣಗಿದ ಎಲೆಗಳ ರಾಶಿಗೆ ಬೆಂಕಿಯಿಡುವ ಹಳೆಯ ಚಾಳಿ. ಈ ಕೊನೆಯದಕ್ಕೆ ಯಾವ ಇಂಜಿನಿಯರೂ ಬೇಕಿಲ್ಲ, ಒಂದು ಗಟ್ಟಿ ಹುಕುಂ ಸಾಕು.

ಸೇನೆಗೆ ಕಾನೂನು ಅನ್ವಯಿಸುವುದಿಲ್ಲವೆಂದು ಅನೇಕರು ನಂಬಿದ್ದಾರೆ. ಹಾಗೇನೂ ಇಲ್ಲ. 1981ರ ವಾಯುಮಾಲಿನ್ಯ ನಿವಾರಣಾ ಕಾಯಿದೆಯ 41ನೆಯ ಕಲಮು ಸರ್ಕಾರಿ ಇಲಾಖೆಗಳನ್ನೇ ಉದ್ದೇಶಿಸಿದ್ದು. ಇಲಾಖೆ ತಪ್ಪಿದರೆ ಹೊಣೆ ಅದರ ಮುಖ್ಯಸ್ಥನ ಮೇಲೆ. 2023ರ ತಿದ್ದುಪಡಿಯಿಂದ ಶಿಕ್ಷೆಯ ಒಲವು ಸೆರೆಮನೆಯಿಂದ ಜುಲ್ಮಾನೆಯ ಕಡೆಗೆ ಹೊರಳಿತು, ಹೊಣೆ ತಪ್ಪಲಿಲ್ಲ. ಅಂಬಾಝರಿಯ ಕಾರ್ಖಾನೆಯಂತೂ 2021ರ ಅಕ್ಟೋಬರ್ 1ರಿಂದ ಯಂತ್ರ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪೆನಿಗೆ ಸೇರಿದೆ. ಆ ಕಂಪೆನಿಯ ಕೇಂದ್ರಾಲಯವೂ ನಾಗಪುರವೇ.

ಒಂದು ವ್ಯತ್ಯಾಸ ಮಾತ್ರ ಮುಖ್ಯವಾದುದು. ಹೊಸ ಯೋಜನೆಗಳ ಪರಿಸರ ಪರಿಣಾಮವನ್ನು ಕುರಿತ 2006ರ ಅಧಿಸೂಚನೆ, ರಾಷ್ಟ್ರರಕ್ಷಣೆಯ ಯೋಜನೆಗಳಿಗೆ ಸಾರ್ವಜನಿಕರ ಅಹವಾಲು ಕೇಳುವ ಘಟ್ಟದಿಂದ ವಿನಾಯಿತಿ ಕೊಟ್ಟಿದೆ. ಅದಕ್ಕೆ ಕಾರಣವೂ ಸ್ಪಷ್ಟ. ಯಾವ ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ಪೆಂಡಾಲು ಹಾಕಿ ಹೇಳಲು ಬರುವುದಿಲ್ಲ. ಆದರೆ ಅದರ ಫಲವನ್ನು ಯೋಚಿಸಿರಿ. ಬೇರೆ ಕಾರ್ಖಾನೆಯಾದರೆ ನೆರೆಯ ಹಳ್ಳಿಯವನು ಎದ್ದು ನಿಂತು, “ನನ್ನ ಹತ್ತಿ ಕಪ್ಪಾಯಿತು ಸ್ವಾಮಿ” ಎಂದು ಹೇಳಬಹುದು. ಪತ್ರಿಕೆಯವರು ಬರಬಹುದು. ದಂಡಿನ ಗೋಡೆಯೊಳಗೆ ಅಂಥ ಸಾಕ್ಷಿಗಳು ಕಡಿಮೆ. ಅಲ್ಲಿಯ ಗಾಳಿಯ ಪರವಾಗಿ ಮಾತನಾಡುವುದು ಮುಖ್ಯವಾಗಿ ಒಂದೇ ಒಂದು ಕಾಗದ: ಬಾಡಿಗೆಗೆ ಬಂದ ಇಂಜಿನಿಯರಿಂಗ್ ಸಂಸ್ಥೆ ಅಳೆದು ಬರೆದುಕೊಟ್ಟ ವರದಿ. ಒಬ್ಬನೇ ಸಾಕ್ಷಿಯಿರುವ ಮೊಕದ್ದಮೆಯಲ್ಲಿ ಆ ಸಾಕ್ಷಿಯನ್ನು ಆರಿಸುವ ಕ್ರಮಕ್ಕೆ ಎಷ್ಟು ಬೆಲೆಯೆಂಬುದನ್ನು ವಕೀಲರೇ ಹೇಳಬೇಕಾಗಿಲ್ಲ.

ದಂಡಿನಲ್ಲಿ ಕಟ್ಟಡ, ನೀರು, ವಿದ್ಯುತ್ತುಗಳ ಕೆಲಸವನ್ನೆಲ್ಲ ನೋಡಿಕೊಳ್ಳುವುದು 1923ರಲ್ಲಿ ರೂಪುಗೊಂಡ ಮಿಲಿಟರಿ ಇಂಜಿನಿಯರ್ ಸರ್ವಿಸಸ್, ಎಲ್ಲರ ಬಾಯಲ್ಲಿ ಎಂ.ಇ.ಎಸ್. ಕ್ವಾರ್ಟರ್ಸಿನ ನಲ್ಲಿ ಸೋರಿದರೆ ನಮ್ಮ ಗೃಹಿಣಿಯರು ದೂರು ಕೊಡುವುದು ಇವರಿಗೇ. ಗ್ಯಾರಿಸನ್ ಇಂಜಿನಿಯರು ಟೆಂಡರು ಕರೆಯುತ್ತಾರೆ, ಠೇವಣಿಯಿಟ್ಟು ಕಂಟ್ರಾಕ್ಟರುಗಳು ದರ ಬರೆಯುತ್ತಾರೆ, ಕಡಿಮೆ ಬರೆದವನಿಗೆ ಕೆಲಸ. ಈ ಕಡಿಮೆ ದರದವನಿಗೆ ‘ಎಲ್-ಒನ್’ ಎಂದು ಹೆಸರು. ಗೋಡೆಗೆ ಸುಣ್ಣ ಬಳಿಯುವುದಕ್ಕೆ ಈ ಪದ್ಧತಿ ಚೆನ್ನಾಗಿಯೇ ಇದೆ. ಬಳಿದ ಗೋಡೆ ಎದುರಿಗೆ ನಿಂತಿರುತ್ತದೆ. ಕೆಟ್ಟದಾಗಿ ಬಳಿದಿದ್ದರೆ ಸುಬೇದಾರರೇ ಬೆರಳಿಟ್ಟು ತೋರಿಸುತ್ತಾರೆ. ಹಣ ತಿನ್ನುವವರ ಕೈಕಟ್ಟುವುದಕ್ಕೂ ಅದು ಒಳ್ಳೆಯ ಉಪಾಯ.

ಆದರೆ ಅಳತೆಯ ಕೆಲಸದಲ್ಲಿ ಎದುರಿಗೆ ನಿಲ್ಲುವ ಗೋಡೆ ಎಲ್ಲಿದೆ? ಕೊನೆಗೆ ಕೈಗೆ ಬರುವುದು ಒಂದು ಅಂಕಿ. ಸರಿಯಾಗಿ ಅಳೆದವನ ಅಂಕಿಯೂ ಅಳೆಯದೆ ಬರೆದವನ ಅಂಕಿಯೂ ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ. ಮಗಳ ಮದುವೆಗೆ ಅಡಿಗೆಯವರನ್ನು ಗೊತ್ತುಮಾಡುವಾಗ ನಾವು ಏನು ಮಾಡುತ್ತೇವೆ? “ಯಾರ ಮನೆಯಲ್ಲಿ ಮಾಡಿದ್ದೀರಿ ಭಟ್ಟರೆ? ಎಷ್ಟು ಎಲೆಗೆ? ಕೈಕೆಳಗೆ ಎಷ್ಟು ಜನ?” ಎಂದು ಮೊದಲು ಕೇಳಿ, ದರದ ಮಾತನ್ನು ಆಮೇಲೆ ಎತ್ತುತ್ತೇವೆ. ಅತಿ ಕಡಿಮೆಗೆ ಒಪ್ಪಿದ ಭಟ್ಟರನ್ನು ಕಂಡರೆ ತುಪ್ಪದ ಡಬ್ಬಿಯ ಮೇಲೆ ಒಂದು ಕಣ್ಣಿಡುತ್ತೇವೆ.

ಗಾಳಿಯ ಕೆಲಸದಲ್ಲಿ ತುಪ್ಪ ಉಳಿಸುವುದು ಎಲ್ಲೆಂದು ತಿಳಿಯಬೇಕಾದರೆ ಅಳತೆಯ ಕ್ರಮವನ್ನು ಸ್ವಲ್ಪ ನೋಡಬೇಕು. 2009ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯುಗುಣ ಮಾನಕಗಳಲ್ಲಿ ಹನ್ನೆರಡು ಮಾಲಿನ್ಯಗಳಿಗೆ ಮಿತಿ ಹಾಕಿದೆ. ಅವುಗಳಲ್ಲಿ ನಮಗೆ ಹೆಚ್ಚು ಸಂಬಂಧಿಸಿದ್ದು ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಧೂಳು. ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಇದರ ಗಾತ್ರ ಊಹಿಸಿಕೊಳ್ಳಿ. ಮೂಗಿನ ಕೂದಲಿಗೆ ಸಿಗದೆ ಶ್ವಾಸಕೋಶದ ತಳ ಮುಟ್ಟುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇದು ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಮನ್ನೂ ಒಂದು ದಿನದ ಲೆಕ್ಕದಲ್ಲಿ 60ನ್ನೂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷದ ಸರಾಸರಿ ಐದೇ ಇರಲಿ ಎಂದು ಸಲಹೆ ಮಾಡಿತು. ಅದು ಇಲ್ಲಿ ಸದ್ಯಕ್ಕೆ ಕನಸಿನ ಮಾತು.

ಮುಖ್ಯ ಸಂಗತಿ ಮಾನಕದ ಅಡಿಟಿಪ್ಪಣಿಯಲ್ಲಿದೆ. ವರ್ಷದ ಸರಾಸರಿ ಎಂದು ಹೇಳಬೇಕಾದರೆ ಒಂದೇ ಸ್ಥಳದಲ್ಲಿ ವಾರಕ್ಕೆ ಎರಡು ದಿನದಂತೆ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ವರ್ಷದಲ್ಲಿ ಕನಿಷ್ಠ 104 ದಿನ ಅಳೆದಿರಬೇಕು. ಟೆಂಡರಿನಲ್ಲಿ ‘ಮೂರು ತಿಂಗಳಿಗೊಮ್ಮೆ ವಾಯುಪರೀಕ್ಷೆ’ ಎಂದು ಬರೆದರೆ ವರ್ಷಕ್ಕೆ ನಾಲ್ಕು ದಿನವಾಯಿತು. ನೂರನಾಲ್ಕೆಲ್ಲಿ, ನಾಲ್ಕೆಲ್ಲಿ! ಎಲ್ಲ ನೆಲೆಗೂ ನೂರನಾಲ್ಕು ದಿನ ಬೇಕೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕು ದಿನದ ಅಂಕಿಯನ್ನಿಟ್ಟುಕೊಂಡು ವರ್ಷದ ಮಾನಕದೊಡನೆ ಹೋಲಿಸಿ ‘ಮಿತಿಯೊಳಗಿದೆ’ ಎಂದು ಮೊಹರು ಒತ್ತುವುದು ಒಂದು ತುತ್ತು ತಿಂದು ಮದುವೆಯ ಊಟವನ್ನೆಲ್ಲ ಹೊಗಳಿದಂತೆ.

ಚಿಮಣಿಯ ಅಳತೆ ಇನ್ನೂ ನಾಜೂಕು. ಚಿಮಣಿಯ ಪಕ್ಕದಲ್ಲಿ ಕೊರೆದ ರಂಧ್ರದೊಳಕ್ಕೆ ಮೂತಿ ಬಾಗಿದ ಸಣ್ಣ ಕೊಳವೆಯನ್ನು ತೂರಿಸಿ, ಪಂಪಿನಿಂದ ಹೊಗೆಯನ್ನು ಎಳೆದು, ಮೊದಲೇ ತೂಗಿಟ್ಟ ಸೋಸುಕಾಗದದ ಮೂಲಕ ಹಾಯಿಸುತ್ತಾರೆ. ಆಮೇಲೆ ಕಾಗದವನ್ನು ತಿರುಗಿ ತೂಗಿದರೆ ಹೆಚ್ಚಾದ ತೂಕವೇ ಧೂಳು. ಕೇಳುವುದಕ್ಕೆ ಸುಲಭ. ಆದರೆ ಹೊಗೆ ಯಾವ ವೇಗದಿಂದ ಮೇಲೇರುತ್ತದೆಯೋ ಅದೇ ವೇಗದಿಂದ ಪಂಪು ಎಳೆಯಬೇಕು. ಹೆಚ್ಚು ಜೋರಾಗಿ ಎಳೆದರೆ ಅಕ್ಕಪಕ್ಕದ ಗಾಳಿ ಬಾಗಿ ಕೊಳವೆಯೊಳಗೆ ಬರುತ್ತದೆ; ಭಾರವಾದ ಕಣಗಳು ಬಾಗಲಾರದೆ ನೆಟ್ಟಗೆ ಹೊರಟುಹೋಗುತ್ತವೆ; ಧೂಳು ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ರಂಧ್ರವನ್ನೂ ಮನಸ್ಸಿಗೆ ಬಂದಲ್ಲಿ ಕೊರೆಯುವಂತಿಲ್ಲ. ಹೊಗೆಯ ದಾರಿಯಲ್ಲಿ ಯಾವುದಾದರೂ ತಿರುವಿದ್ದರೆ ಅದನ್ನು ದಾಟಿ ಚಿಮಣಿಯ ವ್ಯಾಸದ ಎಂಟರಷ್ಟು ದೂರ ಬಿಡಬೇಕೆಂಬುದು ವಾಡಿಕೆಯ ನಿಯಮ. ಮೇ ತಿಂಗಳ ನಾಗಪುರದಲ್ಲಿ, ನೆರಳಿನಲ್ಲಿಯೇ ನಲವತ್ತೈದು ಡಿಗ್ರಿ ಇರುವಾಗ, ಕಾದ ಕಬ್ಬಿಣದ ಏಣಿಯ ಮೇಲೆ ನಿಂತು ಈ ಕೆಲಸವನ್ನು ನಿಯತ್ತಾಗಿ ಮಾಡುವ ಹುಡುಗನನ್ನು ಒಮ್ಮೆ ನೆನೆಯಿರಿ. ಅವನ ದಿನಗೂಲಿಯನ್ನು ಎಲ್-ಒನ್ ದರ ಎಷ್ಟು ಹಿಂಡಿರುತ್ತದೆ? ಕೆಳಗೆ ಕುಳಿತು ಅಂಕಿ ಬರೆದುಬಿಡುವ ಆಸೆ ಅವನಿಗೆ ಬಂದರೆ ತಪ್ಪು ಅವನೊಬ್ಬನದೇ?

ಇದು ಬರಿಯ ಅನುಮಾನವಲ್ಲವೆಂಬುದಕ್ಕೆ ನೆರೆಯ ಗುಜರಾತಿನಲ್ಲಿ ಸಾಕ್ಷ್ಯವಿದೆ. ಅಲ್ಲಿ 1996ರಲ್ಲಿ ಹೈಕೋರ್ಟಿನ ಆಜ್ಞೆಯಿಂದ ಕಾರ್ಖಾನೆಗಳಿಗೆ ವರ್ಷವರ್ಷವೂ ಪರಿಸರ ತಪಾಸಣೆ ಏರ್ಪಟ್ಟಿತು. ತಪಾಸಣೆಯ ಸಂಸ್ಥೆಯನ್ನು ಆರಿಸುವುದೂ ಹಣ ಕೊಡುವುದೂ ಕಾರ್ಖಾನೆಯೇ. ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಅಲ್ಲಿಯ ಮಾಲಿನ್ಯ ಮಂಡಲಿಯ ಜೊತೆಗೂಡಿ 473 ಕಾರ್ಖಾನೆಗಳಲ್ಲಿ ಪ್ರಯೋಗ ನಡೆಸಿ 2013ರಲ್ಲಿ ಫಲವನ್ನು ಪ್ರಕಟಿಸಿದರು. ಹಳೆಯ ಪದ್ಧತಿಯ ತಪಾಸಣೆಯವರು ಧೂಳಿನ ಮಿತಿಯನ್ನು ಮೀರಿದ ಕಾರ್ಖಾನೆಗಳು ನೂರಕ್ಕೆ 7 ಎಂದು ಬರೆದಿದ್ದರು; ಮರುಪರೀಕ್ಷೆಯಲ್ಲಿ ಕಂಡದ್ದು 59. ಬರೆದ ಅಂಕಿಗಳೆಲ್ಲ ಮಿತಿಯ ಕೆಳಗೆ, ಅದಕ್ಕೆ ಬೆನ್ನು ತಾಗಿಸಿಕೊಂಡು, ಗುಂಪಾಗಿ ನಿಂತಿದ್ದವು. ಅತಿ ಆಸೆ ಪಡದೆ ಪಾಸಾಗುವಷ್ಟೇ ಅಂಕ!

ಮದ್ದು ಏನು? ತಪಾಸಣೆಯವರನ್ನು ಚೀಟಿಯೆತ್ತಿದಂತೆ ಹಂಚಿದರು. ಶುಲ್ಕವನ್ನು ಮೊದಲೇ ಗೊತ್ತುಪಡಿಸಿ, ಕಾರ್ಖಾನೆಯ ಕೈಯಿಂದಲ್ಲದೆ ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು. ಕೆಲವು ಅಳತೆಗಳನ್ನು ಬೇರೆಯವರಿಂದ ತಿರುಗಿ ಮಾಡಿಸಿದರು. ಮನುಷ್ಯರು ಅವರೇ, ಉಪಕರಣಗಳೂ ಅವೇ, ವರದಿ ನಿಜವಾಯಿತು. ಇನ್ನೂ ಸ್ವಾರಸ್ಯವೆಂದರೆ, ನಿಜ ಬರೆಯುತ್ತಾರೆಂದು ತಿಳಿದ ಮೇಲೆ ಕಾರ್ಖಾನೆಗಳು ಹೊಗೆಯನ್ನೂ ಇಳಿಸಿದವು. 2015ರಲ್ಲಿ ಗುಜರಾತಿನ ಮಂಡಲಿ ಈ ಹಂಚಿಕೆಯ ಕ್ರಮವನ್ನು ತನ್ನದಾಗಿಸಿಕೊಂಡಿತು. ಅದು ಖಾಸಗಿ ಕಾರ್ಖಾನೆಗಳ ಕತೆ, ದಂಡಿನದಲ್ಲ. ಆದರೆ ಅಳೆಸಿಕೊಳ್ಳುವವನೇ ಅಳೆಯುವವನಿಗೆ ಸಂಬಳ ಕೊಡುವ ಸಂಬಂಧ ಎರಡೂ ಕಡೆ ಒಂದೇ.

ಅಮೆರಿಕದಲ್ಲಿ ಸೈನ್ಯದ ನೆಲೆಗಳೂ ವಾಯುಕಾಯಿದೆಗೆ ತಲೆಬಾಗಬೇಕೆಂದು 1977ರ ತಿದ್ದುಪಡಿ ಖಚಿತಪಡಿಸಿತು. 1990ರ ತಿದ್ದುಪಡಿಯ ಮೇಲೆ ದೊಡ್ಡ ನೆಲೆಗಳು ಐದು ವರ್ಷಕ್ಕೊಮ್ಮೆ ನವೀಕರಿಸುವ ಪರವಾನಗಿ ಪಡೆಯಬೇಕಾಯಿತು. ಅದಕ್ಕೆ ಬೇಕಾದ ಲೆಕ್ಕಪತ್ರಕ್ಕಾಗಿ ಇಂಜಿನಿಯರಿಂಗ್ ಸಂಸ್ಥೆಗಳಿಗೆ ಕೈತುಂಬ ಕೆಲಸವೂ ಸಿಕ್ಕಿತು. ನಮಗೆ ಪಾಠವಾಗುವುದು ಅಲ್ಲಿಯ 1972ರ ಬ್ರೂಕ್ಸ್ ಕಾಯಿದೆ. ಅದರ ಪ್ರಕಾರ ಸರ್ಕಾರ ಇಂಜಿನಿಯರನ್ನು ಆರಿಸುವಾಗ ಮೊದಲು ಅವನ ಯೋಗ್ಯತೆಯನ್ನು ನೋಡಿ, ಎಲ್ಲರಿಗಿಂತ ಮೇಲಾದವನನ್ನು ಕರೆದು ಆಮೇಲೆ ದರ ಚರ್ಚಿಸಬೇಕು. ಒಪ್ಪಂದವಾಗದಿದ್ದರೆ ಎರಡನೆಯವನ ಹತ್ತಿರ ಹೋಗಬೇಕು. ನಮ್ಮ ಮದುವೆಯ ಭಟ್ಟರ ನ್ಯಾಯವೇ!

ಅಷ್ಟೆಲ್ಲ ಇದ್ದೂ ಆ ದೇಶವೇ ಹೊರನಾಡಿನಲ್ಲಿ ಎಡವಿತು. ಇರಾಕಿನ ಬಾಲಾದ್ ನೆಲೆಯಲ್ಲಿ ಪ್ಲಾಸ್ಟಿಕ್ಕಿನಿಂದ ಹಿಡಿದು ಸಕಲ ಕಸವನ್ನೂ ತೆರೆದ ಗುಂಡಿಯಲ್ಲಿ ವರ್ಷಗಟ್ಟಲೆ ಸುಟ್ಟರು. ಮನೆಗೆ ಮರಳಿದ ಸೈನಿಕರು ಉಬ್ಬಸ ಕೆಮ್ಮುಗಳಿಂದ ನರಳಿದಾಗ 2011ರಲ್ಲಿ ವೈದ್ಯವಿಜ್ಞಾನಿಗಳ ಸಮಿತಿ ಕೊಟ್ಟ ಉತ್ತರವೇನೆಂದರೆ, ಬಹುಕಾಲದ ಪರಿಣಾಮವನ್ನು ನಿರ್ಧರಿಸಲು ಸಾಕಷ್ಟು ಅಳತೆಗಳೇ ಇಲ್ಲ! 2022ರ ಆಗಸ್ಟಿನಲ್ಲಿ ಪ್ಯಾಕ್ಟ್ ಕಾಯಿದೆ ಬಂದು, ಸೈನಿಕನು ಪುರಾವೆ ಒದಗಿಸದಿದ್ದರೂ ಹಲವು ಕಾಯಿಲೆಗಳನ್ನು ಆ ಹೊಗೆಯ ಲೆಕ್ಕಕ್ಕೆ ಸೇರಿಸಬೇಕೆಂದಾಯಿತು. ಅಳತೆಗೆ ಉಳಿಸಿದ ದುಡ್ಡು ಯಾರ ಎದೆಯಿಂದ ವಸೂಲಾಯಿತೆಂದು ನೋಡಿರಿ.

ಯೋಗ್ಯತೆಯನ್ನು ನೋಡಿ ಇಂಜಿನಿಯರನ್ನು ಕರೆಯುವುದು ನಮಗೇನೂ ಹೊಸದಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮರ ಸರ್ಕಾರ ಆಗ ತಾನೇ ಮುಂಬಯಿ ಸರ್ಕಾರದ ಸೇವೆ ಬಿಟ್ಟಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಹುಡುಕಿ ಕರೆಸಿತು. ಅವರ ವರದಿಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಕಟ್ಟಲ್ಪಟ್ಟವು. ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಹುಟ್ಟಿದ್ದು ಇದೇ ನಾಗಪುರದಲ್ಲಿ. ಈಗಿನ ಹುಡುಗರು ಅದನ್ನು ವಿ.ಎನ್.ಐ.ಟಿ. ಎನ್ನುತ್ತಾರೆ. ‘ವಿ’ ಎಂದರೆ ವಿದರ್ಭವೆಂದು ತಿಳಿದ ಮಕ್ಕಳಿದ್ದರೆ ದಯವಿಟ್ಟು ತಿದ್ದಿರಿ.

ನಮ್ಮ ನಿಯಮಗಳಲ್ಲಿಯೂ ದಾರಿ ಮುಚ್ಚಿಲ್ಲ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳು ಸಲಹೆಗಾರರನ್ನು ಗುಣ ಮತ್ತು ದರ ಎರಡಕ್ಕೂ ಅಂಕ ಕೊಟ್ಟು ಕೂಡಿಸಿ ಆರಿಸಲು ಅನುಮತಿಸುತ್ತವೆ. ಬೇಕಾದದ್ದು ಫೈಲಿನಲ್ಲಿ ‘ಇದು ಸುಣ್ಣ ಬಳಿಯುವ ಕೆಲಸವಲ್ಲ, ತಿಳಿವಳಿಕೆಯ ಕೆಲಸ’ ಎಂದು ಬರೆಯುವ ಧೈರ್ಯ. ಕಡಿಮೆ ದರದವನನ್ನು ಬಿಟ್ಟರೆ ನಾಳೆ ಆಡಿಟಿನವರು ಆಕ್ಷೇಪಿಸುತ್ತಾರೆಂಬ ಭಯ ಅಧಿಕಾರಿಗೆ ಇರುತ್ತದೆ. ಅವರನ್ನು ಹೀಗಳೆಯುವಂತಿಲ್ಲ, ನಿವೃತ್ತಿಯ ಅಂಚಿನಲ್ಲಿ ಆಡಿಟ್ ಆಕ್ಷೇಪಣೆ ಬಂದರೆ ಪೆನ್ಷನ್ನಿನ ಗತಿ ಏನೆಂದು ಬಲ್ಲವರೇ ಬಲ್ಲರು.

ನಾಗಪುರದಲ್ಲಿ ಈ ಕೆಲಸಕ್ಕೆ ವಿಶೇಷ ತೊಡಕೊಂದಿದೆ. ಕಾಮಠಿಯ ದಂಡಿಗೆ ಕೊರಾಡಿ, ಖಾಪರಖೇಡಾಗಳ ಉಷ್ಣವಿದ್ಯುತ್ ಸ್ಥಾವರಗಳು ನೆರೆಯವು; ಕಲ್ಲಿದ್ದಲ ಗಣಿಗಳೂ ದೂರವಿಲ್ಲ. ಕ್ವಾರ್ಟರ್ಸಿನ ಹಗ್ಗದ ಮೇಲೆ ಒಣಹಾಕಿದ ಪಂಚೆಗೆ ಹತ್ತಿದ ಕಪ್ಪು ನೆಲೆಯ ಜನರೇಟರಿನದೋ, ಗೋಡೆಯಾಚೆಯದೋ? ಗಾಳಿ ಬೀಸುವ ದಿಕ್ಕನ್ನು ಗುರುತಿಸಿ, ಸೋಸುಕಾಗದದ ಧೂಳನ್ನು ವಿಂಗಡಿಸಿ ನೋಡದೆ ಹೇಳಲಾಗದು. ಬಲ್ಲ ಇಂಜಿನಿಯರಿಗೂ ಬರಿಯ ಅಂಕಿ ಬರೆಯುವವನಿಗೂ ಭೇದ ಕಾಣುವುದು ಇಲ್ಲಿ. ಇಂಥ ವಿದ್ಯೆಗೆ ನಾವು ದೂರ ಹೋಗಬೇಕಾಗಿಲ್ಲ. 1958ರಲ್ಲಿ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಸಂಶೋಧನಾಲಯವಾಗಿ ಹುಟ್ಟಿ 1974ರಲ್ಲಿ ‘ನೀರಿ’ ಎಂಬ ಹೆಸರು ಪಡೆದ ರಾಷ್ಟ್ರೀಯ ಸಂಸ್ಥೆ ನಮ್ಮೂರಿನಲ್ಲೇ ಇದೆ. 2019ರಲ್ಲಿ ಶುದ್ಧವಾಯು ಯೋಜನೆಗೆ ದೇಶದ ನಗರಗಳನ್ನು ಆರಿಸಿದಾಗ ನಾಗಪುರವೂ ಅದರಲ್ಲಿತ್ತು. ಊರಿನ ಲೆಕ್ಕವನ್ನು ಸರಿಯಾಗಿ ಮಾಡಬೇಕಾದರೆ ದಂಡಿನ ಲೆಕ್ಕವೂ ಅದಕ್ಕೆ ಕೂಡಬೇಡವೇ?

ಪುಲಗಾಂವದ ಹೆಸರನ್ನು ಮೊದಲೇ ಎತ್ತಿದೆ. 2016ರ ಮೇ 31ರ ನಸುಕಿನ ಬೆಂಕಿ ಯಾರಿಗೆ ಮರೆತಿದೆ? ಇಬ್ಬರು ಸೇನಾಧಿಕಾರಿಗಳು ಸೇರಿ ಹದಿನಾರಕ್ಕೂ ಹೆಚ್ಚು ಮಂದಿ ಅಳಿದರು. ಅದಕ್ಕಿಂತ ಸಣ್ಣದೆಂದು ಬೇಗ ಮರೆತುಹೋದದ್ದು 2018ರ ನವೆಂಬರ್ 20ರ ದುರಂತ. ಹಳೆಯ ಮದ್ದುಗುಂಡನ್ನು ನಾಶಮಾಡುವ ಬಯಲಿನಲ್ಲಿ ಸ್ಫೋಟವಾಗಿ ಆರು ಮಂದಿ ಸತ್ತರು. ಅವರಲ್ಲಿ ಕಂಟ್ರಾಕ್ಟಿನ ಮೇಲೆ ಬಂದ ಸುತ್ತಲಿನ ಹಳ್ಳಿಗಳ ಕೂಲಿಗಳಿದ್ದರು. ಅದು ಗಾಳಿಯ ಅಳತೆಯ ವಿಷಯವಲ್ಲ, ನಿಜ. ಆದರೆ ದಂಡಿನ ಗೋಡೆಯೊಳಗಿನ ಅಪಾಯದ ಕೆಲಸವನ್ನು ಹೊರಗಿನವರಿಗೆ ವಹಿಸುವಾಗ ‘ಯಾರಿಗೆ, ಯಾವ ಯೋಗ್ಯತೆಯ ಮೇಲೆ’ ಎಂಬ ಪ್ರಶ್ನೆ ಎಷ್ಟು ಭಾರವಾದದ್ದೆಂಬುದನ್ನು ಆ ಹಳ್ಳಿಗಳ ಮನೆಗಳು ಬಲ್ಲವು.

ನಮ್ಮ ಕುಟುಂಬಗಳು ಏನು ಮಾಡಬಹುದು? ರಹಸ್ಯಗಳನ್ನು ಕೆದಕಬೇಕಾಗಿಲ್ಲ. ಶಾಲೆಯ ಅಂಗಳದ ಗಾಳಿಯಲ್ಲಿ ಎಷ್ಟು ಧೂಳಿದೆಯೆಂಬುದು ಶತ್ರುವಿಗೆ ಉಪಯೋಗವಾಗುವ ಸುದ್ದಿಯೇನಲ್ಲ. ಸೈನಿಕ ಸಮ್ಮೇಳನದಲ್ಲಿ ನಲ್ಲಿಯ ವಿಷಯ ಎತ್ತುವಂತೆ ಇದನ್ನೂ ಎತ್ತಬಹುದು; ವರದಿಯನ್ನು ತೋರಿಸಿರೆಂದು ವಿನಯದಿಂದ ಕೇಳಬಹುದು. ಸಿಕ್ಕಿದರೆ ‘ಮಿತಿಯೊಳಗಿದೆ’ ಎಂಬ ಸಾಲನ್ನು ಬಿಟ್ಟು ಉಳಿದದ್ದನ್ನು ಓದಿರಿ. ಪ್ರಯೋಗಶಾಲೆಗೆ ಮಾನ್ಯತೆಯಿದೆಯೇ? ಉಪಕರಣವನ್ನು ಎಲ್ಲಿ ಇಟ್ಟಿದ್ದರು, ಮಕ್ಕಳು ಆಡುವ ಕಡೆಯೋ, ಬೇವಿನ ಮರದ ಮರೆಯಲ್ಲೋ? ಜನರೇಟರಿನ ಚಿಮಣಿ ಎಷ್ಟು ಎತ್ತರ? ಇದಕ್ಕೆ ಸರಳ ಲೆಕ್ಕವಿದೆ: ಕೆ.ವಿ.ಎ. ಅಂಕಿಯ ವರ್ಗಮೂಲ ತೆಗೆದು ಅದರ ಐದನೆಯ ಒಂದು ಭಾಗದಷ್ಟು ಮೀಟರು ಕಟ್ಟಡಕ್ಕಿಂತ ಮೇಲಿರಬೇಕು. 625 ಕೆ.ವಿ.ಎ. ಯಂತ್ರಕ್ಕೆ ವರ್ಗಮೂಲ 25, ಐದನೆಯ ಭಾಗ 5. ಕಟ್ಟಡ ಆರು ಮೀಟರಿದ್ದರೆ ಚಿಮಣಿ ಹನ್ನೊಂದು ಮೀಟರು. ಹೈಸ್ಕೂಲಿನ ಮಗನೇ ಲೆಕ್ಕ ಹಾಕಿ ಕಣ್ಣಳತೆಯಲ್ಲಿ ನೋಡಿ ಬರಬಹುದು.

ಅಳೆಯುವಾಗ ಆ ಯಂತ್ರ ತನ್ನ ಪೂರ್ಣ ಹೊರೆ ಎಳೆಯುತ್ತಿತ್ತೋ ಅಥವಾ ಸುಮ್ಮನೆ ಗುನುಗುತ್ತಿತ್ತೋ ಎಂಬುದನ್ನೂ ನೋಡಿರಿ. ಒಳ್ಳೆಯ ವರದಿಯಲ್ಲಿ ಅದನ್ನು ಬರೆದಿರುತ್ತಾರೆ. ಕೊನೆಗೆ ತಾರೀಖು. ಜನವರಿಯ ಬೆಳಗಿನಲ್ಲಿ ತಣ್ಣಗಿನ ಗಾಳಿ ಹೊಗೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಜುಲೈ ತಿಂಗಳಲ್ಲಿ ಮಳೆ ಧೂಳನ್ನೆಲ್ಲ ತೊಳೆದುಬಿಡುತ್ತದೆ. ವರದಿಯ ನಾಲ್ಕು ದಿನಗಳಲ್ಲಿ ಎಷ್ಟು ಮಳೆಗಾಲದಲ್ಲಿ ಬಿದ್ದಿವೆಯೆಂದು ಬೆರಳು ಮಡಿಸಿ ಎಣಿಸಿರಿ.